ಪೂರ್ವಪಕ್ಷವನ್ನು ಕೇಳಿಸಿಕೊಂಡ ನಿರ್ಧಾರ

ಭಾರತೀಯ ಶಾಸ್ತ್ರಗ್ರಂಥಗಳನ್ನು ಮೊದಲ ಬಾರಿ ಓದತೊಡಗುವ ವಿದ್ಯಾರ್ಥಿಗೆ ಒಂದು ತೊಡಕು ಎದುರಾಗುತ್ತದೆ. ಗ್ರಂಥಕರ್ತನು ತನ್ನ ಮತವನ್ನು ಆರಂಭದಲ್ಲಿಯೇ ಹೇಳಿಬಿಡುವುದಿಲ್ಲ. ತಾನು ಒಪ್ಪದ ಮತವನ್ನು, ಅದನ್ನು ನಂಬಿದವನೇ ಹೇಳುತ್ತಿರುವನೋ ಎಂಬಂತೆ, ಸಕಾರಣವಾಗಿ ಬೆಳೆಸುತ್ತ ಹೋಗುತ್ತಾನೆ. ಅವಸರದ ಓದುಗನು ಅದನ್ನೇ ಗ್ರಂಥಕರ್ತನ ಅಭಿಪ್ರಾಯವೆಂದು ತಿಳಿದು ಟಿಪ್ಪಣಿ ಬರೆದುಕೊಳ್ಳುವುದೂ ಉಂಟು. ಅನಂತರವೇ ಗ್ರಂಥಕರ್ತನು ಆ ಮತದ ಒಂದೊಂದು ಕಾರಣಕ್ಕೂ ಉತ್ತರ ಹೇಳಿ ತನ್ನ ಸಿದ್ಧಾಂತವನ್ನು ಸ್ಥಾಪಿಸುತ್ತಾನೆ. ಮೊದಲು ಬರುವ ಆ ಎದುರುಮಾತಿಗೆ ಪೂರ್ವಪಕ್ಷವೆಂದು ಹೆಸರು.

ವಾಕ್ಯಗಳ ಅರ್ಥನಿರ್ಣಯಕ್ಕಾಗಿ ಹುಟ್ಟಿದ ಈ ಕ್ರಮವು ಬದುಕಿನ ನಿರ್ಣಯಗಳಿಗೂ ಒದಗಬಲ್ಲದು. ಪದವಿಯ ಕೊನೆಯ ವರ್ಷದಲ್ಲಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದೆ ಅಂತಹ ನಿರ್ಣಯವೊಂದು ಇದ್ದೇ ಇರುತ್ತದೆ: ಮುಂದೇನು? ಈ ಪ್ರಶ್ನೆಗೆ ಹಲವರು ಉತ್ತರ ಹುಡುಕುವುದಿಲ್ಲ. ಅರ್ಜಿಯ ಕೊನೆಯ ದಿನಾಂಕವೋ, ಗೆಳೆಯರ ಗುಂಪು ಹೋದ ದಾರಿಯೋ, ಮನೆಯಲ್ಲಿ ಗಟ್ಟಿಯಾಗಿ ಮಾತನಾಡಿದವರ ದನಿಯೋ ಅವರ ಪರವಾಗಿ ಉತ್ತರ ಕೊಟ್ಟುಬಿಡುತ್ತದೆ. ಹೀಗಾಗದಂತೆ ತಡೆಯುವ ಕ್ರಮವೊಂದನ್ನು ಶಾಸ್ತ್ರದಿಂದಲೂ ಕಾವ್ಯದಿಂದಲೂ ಹೇಗೆ ಕಲಿಯಬಹುದೆಂಬುದು ಈ ಪಾಠದ ವಿಷಯ.

ಅಧಿಕರಣದ ಐದು ಅಂಗಗಳು

ಮೀಮಾಂಸಾಶಾಸ್ತ್ರದಲ್ಲಿ ಒಂದು ವಿಚಾರವನ್ನು ಎತ್ತಿಕೊಂಡು ನಿರ್ಣಯಕ್ಕೆ ತರುವ ಘಟಕಕ್ಕೆ ಅಧಿಕರಣವೆನ್ನುತ್ತಾರೆ. ಜೈಮಿನಿಯ ಸೂತ್ರಗಳನ್ನೂ ಮುಂದೆ ಬ್ರಹ್ಮಸೂತ್ರಗಳನ್ನೂ ವ್ಯಾಖ್ಯಾನಿಸಿದವರು ಅನುಸರಿಸಿದ್ದು ಇದೇ ಕ್ರಮವನ್ನು. ಇದರ ಅಂಗಗಳು ಐದು. ವಿಚಾರಕ್ಕೆ ಒಳಗಾಗುವ ಸಂಗತಿಯು ವಿಷಯ. ಅದು ಹೀಗೋ ಹಾಗೋ ಎಂಬ ತೂಗಾಟವು ಸಂಶಯ. ತಾನು ಕೊನೆಗೆ ಒಪ್ಪದಿರುವ ಮತದ ಸಮರ್ಥನೆಯು ಪೂರ್ವಪಕ್ಷ. ಅದಕ್ಕೆ ಉತ್ತರವಾಗಿ ಸ್ಥಾಪಿತವಾಗುವುದು ಸಿದ್ಧಾಂತ. ಐದನೆಯದನ್ನು ಕೆಲವರು ನಿರ್ಣಯವೆಂದೂ ಕೆಲವರು ಸಂಗತಿಯೆಂದೂ ಎಣಿಸುತ್ತಾರೆ. ಸಂಗತಿಯೆಂದರೆ ಈ ವಿಚಾರವು ಹಿಂದುಮುಂದಿನ ವಿಚಾರಗಳೊಡನೆ ಹೊಂದಿಕೊಳ್ಳುವ ಬಗೆ.

ಈ ಐದರಲ್ಲಿ ಸಂಶಯದ ಸ್ವರೂಪವನ್ನು ವಿಶೇಷವಾಗಿ ಗಮನಿಸಬೇಕು. ಮಬ್ಬುಗತ್ತಲಲ್ಲಿ ದೂರದಲ್ಲೊಂದು ಆಕೃತಿ ಕಾಣುತ್ತದೆ; ಅದು ಮೋಟುಮರವೋ ಮನುಷ್ಯನೋ ತಿಳಿಯದು. ಶಾಸ್ತ್ರಕಾರರು ಸಂಶಯಕ್ಕೆ ಕೊಡುವ ಪ್ರಸಿದ್ಧ ಉದಾಹರಣೆಯಿದು. ಇಂತಹ ಸಂಶಯವು ನಿಂತಲ್ಲೇ ನಿಂತು ಯೋಚಿಸುವುದರಿಂದ ತೀರುವುದಿಲ್ಲ, ನಾಲ್ಕು ಹೆಜ್ಜೆ ಹತ್ತಿರ ಹೋದರೆ ತೀರುತ್ತದೆ. ಬದುಕಿನ ಅನೇಕ ಸಂಶಯಗಳು ಇದೇ ಜಾತಿಯವು. ವಿಚಾರಿಸಿ ತಿಳಿದುಕೊಳ್ಳಬಹುದಾದುದನ್ನು ವಿಚಾರಿಸದೆ, ರಾತ್ರಿಯೆಲ್ಲ ಚಿಂತಿಸುವುದು ನಿರ್ಧಾರವೂ ಅಲ್ಲ, ವಿವೇಚನೆಯೂ ಅಲ್ಲ. ಹತ್ತಿರ ಹೋಗಿ ನೋಡಿದ ಮೇಲೂ ಉಳಿಯುವ ಸಂಶಯವೇ ನಿಜವಾದ ವಿಚಾರಕ್ಕೆ ಅರ್ಹವಾದುದು.

ಕರ್ಣನ ಉತ್ತರ

ಅಧಿಕರಣವೆಂಬ ಹೆಸರು ಹೊಸದೆನಿಸಿದರೂ ಆ ಅನುಭವವು ಕಾಸರಗೋಡಿನ ವಿದ್ಯಾರ್ಥಿಗೆ ಹೊಸದಲ್ಲ. ಪಾರ್ತಿಸುಬ್ಬನ ಈ ನಾಡಿನಲ್ಲಿ ತಾಳಮದ್ದಳೆಯ ಕೂಟಗಳು ಇಂದಿಗೂ ನಡೆಯುತ್ತಿವೆ. ‘ಕರ್ಣಭೇದನ’ ಪ್ರಸಂಗದಲ್ಲಿ ಒಂದು ರಾತ್ರಿ ಕೃಷ್ಣನ ಅರ್ಥ ಹೇಳಿದ ಕಲಾವಿದನು ಮತ್ತೊಂದು ರಾತ್ರಿ ಕರ್ಣನ ಅರ್ಥ ಹೇಳಬೇಕಾಗಿ ಬರಬಹುದು. ಎರಡು ಪಕ್ಷಗಳನ್ನೂ ಒಳಗಿನಿಂದ ಬಲ್ಲವನು ಮಾತ್ರ ಒಂದನ್ನು ಗಟ್ಟಿಯಾಗಿ ಹಿಡಿಯಬಲ್ಲನೆಂಬುದು ಆ ವೇದಿಕೆಯ ಮೊದಲ ಪಾಠ.

ಈ ಸಂದರ್ಭವನ್ನು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನೂ ಚಿತ್ರಿಸಿದ್ದಾನೆ, ಕುಮಾರವ್ಯಾಸನೂ ಚಿತ್ರಿಸಿದ್ದಾನೆ. ಪಂಪನ ಆಶ್ರಯದಾತನಾದ ಅರಿಕೇಸರಿಯ ವೇಮುಲವಾಡವು ಇಂದು ತೆಲಂಗಾಣದಲ್ಲಿದೆಯೆಂಬುದನ್ನು ಗಡಿನಾಡಿನ ಓದುಗರು ನೆನೆಯಬಹುದು. ಕರ್ಣನ ಒಳಗುದಿಯನ್ನು, ಉಬ್ಬಿದ ಕೊರಳನ್ನೂ ಉಕ್ಕಿದ ಕಣ್ಣೀರನ್ನೂ ಕುಮಾರವ್ಯಾಸನು ಕಾಣಿಸಿದಂತೆ ಇತರರು ಕಾಣಿಸಿಲ್ಲ. ಆದರೆ ಕರ್ಣನ ವಿವೇಚನೆಯ ಹೆಜ್ಜೆಗಳನ್ನು ಗುರುತಿಸಲು ವ್ಯಾಸಭಾರತದ ಉದ್ಯೋಗಪರ್ವವು ಹೆಚ್ಚು ಅನುಕೂಲ.

ಸಂಧಾನವು ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹಸ್ತಿನಾವತಿಯಿಂದ ಹೊರಡುತ್ತಾನೆ, ಜನ್ಮರಹಸ್ಯವನ್ನು ಎತ್ತುತ್ತಾನೆ. ಅವನ ವಾದವು ದುರ್ಬಲವಾದುದಲ್ಲ. ಕನ್ಯೆಯಲ್ಲಿ ಹುಟ್ಟಿದ ಮಗನು ಆಕೆಯನ್ನು ಮುಂದೆ ಮದುವೆಯಾದವನ ಮಗನೇ ಆಗುತ್ತಾನೆಂದು ಧರ್ಮಶಾಸ್ತ್ರವು ಹೇಳುತ್ತದೆ. ಆದುದರಿಂದ ಕರ್ಣನು ಪಾಂಡವರಲ್ಲಿ ಹಿರಿಯನು, ರಾಜ್ಯವು ಅವನದು. ಯುಧಿಷ್ಠಿರನು ಯುವರಾಜನಾಗಿ ಅವನನ್ನು ಅನುಸರಿಸುವನು, ಭೀಮನು ಕೊಡೆ ಹಿಡಿಯುವನು, ಅರ್ಜುನನು ರಥ ನಡೆಸುವನು. ಜೀವನದುದ್ದಕ್ಕೂ ಸೂತಪುತ್ರನೆಂಬ ಮಾತನ್ನು ಕೇಳಿದವನ ಮುಂದೆ ಇಡಬಹುದಾದ ಅತ್ಯಂತ ಬಲವಾದ ಪೂರ್ವಪಕ್ಷವಿದು.

ಕರ್ಣನು ಅದನ್ನು ಅಲ್ಲಗಳೆಯುವುದಿಲ್ಲ. ಶಾಸ್ತ್ರದ ಪ್ರಕಾರ ತಾನು ಪಾಂಡುವಿನ ಮಗನೆಂಬುದನ್ನು ಒಪ್ಪುತ್ತಾನೆ. ಆದರೆ ವಿಷಯವನ್ನೇ ಬದಲಿಸಿ ಹೇಳುತ್ತಾನೆ. ಕೃಷ್ಣನ ಪ್ರಶ್ನೆಯು, ಹುಟ್ಟಿನಿಂದ ನೀನು ಯಾರು ಎಂಬುದು. ಕರ್ಣನ ಪ್ರಶ್ನೆಯು, ಯಾರು ನನ್ನನ್ನು ಬೆಳೆಸಿದರು, ಯಾರಿಗೆ ನಾನು ಮಾತು ಕೊಟ್ಟಿದ್ದೇನೆ ಎಂಬುದು. ಹುಟ್ಟಿದೊಡನೆ ಕುಂತಿಯು ತೊರೆದಳು. ಅಧಿರಥನು ಎತ್ತಿ ತಂದನು. ರಾಧೆಯ ಎದೆಯಲ್ಲಿ ಹಾಲು ಉಕ್ಕಿತು. ಹೆಸರಿಟ್ಟವರು ಅವರು, ಮದುವೆ ಮಾಡಿಸಿದವರು ಅವರು. ಆ ಕುಲದಲ್ಲಿಯೇ ಮಕ್ಕಳು ಮೊಮ್ಮಕ್ಕಳಾಗಿದ್ದಾರೆ. ದುರ್ಯೋಧನನ ಆಶ್ರಯದಲ್ಲಿ ಹದಿಮೂರು ವರ್ಷ ರಾಜ್ಯಸುಖವನ್ನು ಉಂಡದ್ದಾಗಿದೆ. ತನ್ನನ್ನು ನಂಬಿಯೇ ಅವನು ಯುದ್ಧಕ್ಕೆ ಅಣಿಯಾಗಿದ್ದಾನೆ.

ಇಷ್ಟಕ್ಕೇ ನಿಂತಿದ್ದರೆ ಇದು ಕೃತಜ್ಞತೆಯ ಮಾತಷ್ಟೇ ಆಗುತ್ತಿತ್ತು. ಕರ್ಣನು ಇನ್ನೂ ಎರಡು ಹೆಜ್ಜೆ ಮುಂದೆ ಹೋಗುತ್ತಾನೆ. ಮೊದಲನೆಯದಾಗಿ, ಕೃಷ್ಣನ ಮಾತನ್ನು ಒಪ್ಪಿದರೆ ಆಗುವ ಫಲವನ್ನು ಲೆಕ್ಕಹಾಕುತ್ತಾನೆ: ತನ್ನ ಹುಟ್ಟು ತಿಳಿದರೆ ಯುಧಿಷ್ಠಿರನು ರಾಜ್ಯವನ್ನು ಸ್ವೀಕರಿಸನು, ತನಗೆ ಬಂದ ರಾಜ್ಯವನ್ನು ತಾನು ದುರ್ಯೋಧನನಿಗೇ ಕೊಟ್ಟುಬಿಡುವೆನು, ಆದುದರಿಂದ ಈ ರಹಸ್ಯವು ರಹಸ್ಯವಾಗಿಯೇ ಉಳಿಯಲಿ ಎನ್ನುತ್ತಾನೆ. ಎರಡನೆಯದಾಗಿ, ತನ್ನ ನಿರ್ಧಾರದ ಬೆಲೆಯನ್ನು ಮುಚ್ಚಿಡುವುದಿಲ್ಲ. ಅಪಶಕುನಗಳನ್ನು ಕಂಡಿದ್ದಾನೆ, ಸೋಲು ತನ್ನ ಪಕ್ಷದ್ದೆಂದು ಬಲ್ಲನು, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುನುಡಿಗಳಿಗಾಗಿ ಪಶ್ಚಾತ್ತಾಪಪಡುತ್ತಾನೆ. ಎಲ್ಲವನ್ನೂ ತಿಳಿದೇ ಆರಿಸಿಕೊಳ್ಳುತ್ತಾನೆ.

ಮುಂದೆ ಕುಂತಿಯೇ ಬಂದು ಬೇಡಿದಾಗ ಅವನ ನಿರ್ಧಾರವು ಬದಲಾಗುವುದಿಲ್ಲ. ಆದರೆ ಅದಕ್ಕೊಂದು ಎಲ್ಲೆ ಬೀಳುತ್ತದೆ. ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ. ಐದನೆಯ ಅಂಗವಾದ ಸಂಗತಿಗೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯಲಾರದು. ಒಂದು ಋಣಕ್ಕೆ ತಲೆಬಾಗಿದವನು ಇನ್ನೊಂದು ಋಣವನ್ನು ಮರೆಯದೆ, ತನ್ನ ನಿರ್ಧಾರದೊಳಗೇ ಅದಕ್ಕೆ ಎಡೆ ಮಾಡಿಕೊಡುವುದು ಸಂಗತಿ.

ಎರಡು ಹಾಳೆಗಳು

ಇದೇ ಕ್ರಮದ ಲೌಕಿಕ ರೂಪವೊಂದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾಣಸಿಗುತ್ತದೆ. ಲೀಡ್ಸ್ ನಗರದಲ್ಲಿ ಧರ್ಮೋಪದೇಶಕನಾಗಿದ್ದ ವಿಜ್ಞಾನಿ ಜೋಸೆಫ್ ಪ್ರೀಸ್ಟ್‌ಲಿಗೆ ಶೆಲ್ಬರ್ನ್ ಪ್ರಭುವಿನ ಆಶ್ರಯದಲ್ಲಿ ಕೆಲಸ ಮಾಡುವ ಆಹ್ವಾನ ಬಂದಿತು. ಒಪ್ಪಬೇಕೇ ಬೇಡವೇ ಎಂದು ಅವನು ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕೇಳಿದನು. 1772ರ ಸೆಪ್ಟೆಂಬರ್ 19ರಂದು ಲಂಡನ್ನಿನಿಂದ ಬರೆದ ಉತ್ತರದಲ್ಲಿ ಫ್ರಾಂಕ್ಲಿನ್‌ನು ಏನು ಮಾಡಬೇಕೆಂಬುದನ್ನು ಹೇಳಲಿಲ್ಲ, ಹೇಗೆ ನಿರ್ಧರಿಸಬೇಕೆಂಬುದನ್ನು ಮಾತ್ರ ಹೇಳಿದನು.

ಕಷ್ಟದ ಮೂಲವನ್ನು ಅವನು ಗುರುತಿಸಿದ ಬಗೆ ಗಮನಾರ್ಹವಾದುದು. ಪರ ಮತ್ತು ವಿರೋಧದ ಕಾರಣಗಳೆಲ್ಲ ಮನಸ್ಸಿನಲ್ಲಿ ಒಮ್ಮೆಗೇ ನಿಲ್ಲುವುದಿಲ್ಲ. ಒಂದು ಗುಂಪು ಎದುರಿಗಿದ್ದಾಗ ಇನ್ನೊಂದು ಮರೆಯಾಗಿರುತ್ತದೆ. ಆದುದರಿಂದಲೇ ಮನಸ್ಸು ಬೆಳಿಗ್ಗೆ ಒಂದು ಕಡೆಗೂ ಸಂಜೆ ಇನ್ನೊಂದು ಕಡೆಗೂ ವಾಲುತ್ತದೆ. ಇದಕ್ಕೆ ಅವನ ಪರಿಹಾರವು ಸರಳ. ಹಾಳೆಯ ನಡುವೆ ಗೆರೆ ಎಳೆದು, ಮೂರು ನಾಲ್ಕು ದಿನಗಳ ಕಾಲ ಹೊಳೆದ ಕಾರಣಗಳನ್ನು ಎರಡೂ ಕಡೆ ಬರೆಯುತ್ತ ಹೋಗುವುದು. ಆಮೇಲೆ ಒಂದೊಂದರ ತೂಕವನ್ನು ಅಂದಾಜು ಮಾಡಿ, ಸಮತೂಕದವುಗಳನ್ನು ಎದುರುಬದುರಾಗಿ ಹೊಡೆದುಹಾಕುವುದು. ಇಲ್ಲಿಯ ಒಂದು ಅಲ್ಲಿಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆದುಹಾಕುವುದು. ಉಳಿದುದರಿಂದ ತಕ್ಕಡಿ ಯಾವ ಕಡೆಗೆ ವಾಲುವುದೆಂದು ತಿಳಿಯುತ್ತದೆ. ಇನ್ನೂ ಒಂದೆರಡು ದಿನ ಹೊಸ ಕಾರಣವೇನೂ ಹೊಳೆಯದಿದ್ದರೆ ನಿರ್ಧರಿಸಿಬಿಡುವುದು. ಈ ತೂಕಗಳು ಬೀಜಗಣಿತದಷ್ಟು ಖಚಿತವಾಗಿರಲಾರವೆಂಬುದನ್ನು ಅವನು ಬಲ್ಲನು. ಆದರೂ ಎಲ್ಲವನ್ನೂ ಒಟ್ಟಿಗೆ ಕಣ್ಣೆದುರು ಇಟ್ಟುಕೊಂಡಾಗ ದುಡುಕಿನ ಹೆಜ್ಜೆಯಿಡುವ ಸಂಭವವು ಕಡಿಮೆಯೆಂದು ಅವನ ಅನುಭವ.

ಪ್ರೀಸ್ಟ್‌ಲಿಯು ಆಹ್ವಾನವನ್ನು ಒಪ್ಪಿಕೊಂಡನು. 1774ರ ಆಗಸ್ಟ್‌ನಲ್ಲಿ, ಶೆಲ್ಬರ್ನ್‌ನ ಮನೆಯ ಪ್ರಯೋಗಾಲಯದಲ್ಲಿ, ಮುಂದೆ ಆಮ್ಲಜನಕವೆಂದು ಹೆಸರಾದ ಅನಿಲವನ್ನು ಬೇರ್ಪಡಿಸಿದನು. ಆದರೆ ಫಲವು ಒಳ್ಳೆಯದಾದ್ದರಿಂದಲೇ ನಿರ್ಧಾರವು ಒಳ್ಳೆಯದಾಯಿತೆನ್ನುವುದು ತರ್ಕವಲ್ಲ. ಹಾಗೆಂದರೆ ಸೋತ ಕರ್ಣನು ಅವಿವೇಕಿಯೆನಿಸಬೇಕಾಗುತ್ತದೆ.

ಎರಡನೆಯ ಹಾಳೆಯು ಚಾರ್ಲ್ಸ್ ಡಾರ್ವಿನ್‌ನದು. 1838ರಲ್ಲಿ ಅವನು ಮದುವೆಯಾಗುವುದೇ ಬೇಡವೇ ಎಂಬುದನ್ನು ಎರಡು ಸಾಲುಗಳಲ್ಲಿ ಬರೆದು ನೋಡಿದನು. ಬೇಡವೆಂಬ ಕಡೆ ಮನಬಂದಲ್ಲಿಗೆ ಹೋಗುವ ಸ್ವಾತಂತ್ರ್ಯ, ಬುದ್ಧಿವಂತರ ಗೋಷ್ಠಿ, ಪುಸ್ತಕಗಳಿಗೆ ಬೇಕಾದ ಹಣ, ಸಮಯ; ಬೇಕೆಂಬ ಕಡೆ ಮಕ್ಕಳು, ಮನೆ, ಮುಪ್ಪಿನ ಸಂಗಾತಿ. ಬೇಡವೆಂಬ ಕಡೆಯ ಕಾರಣಗಳೇನೂ ಹಗುರವಲ್ಲ. ಆದರೂ ಕೊನೆಗೆ ಬೇಕೆಂಬ ಪಕ್ಷವನ್ನೇ ಅವನು ಹಿಡಿದನು. 1839ರ ಜನವರಿ 29ರಂದು ಎಮ್ಮಾ ವೆಡ್ಜ್‌ವುಡ್‌ಳನ್ನು ಮದುವೆಯಾದನು. ಕಾರಣಗಳ ಎಣಿಕೆಯು ತೂಕವಲ್ಲವೆಂಬುದಕ್ಕೆ ಈ ಹಾಳೆಯು ಸಾಕ್ಷಿ. ಅದಕ್ಕೊಂದು ಕೊರತೆಯೂ ಉಂಟು: ಎರಡೂ ಸಾಲುಗಳು ಡಾರ್ವಿನ್‌ನ ದನಿಯಲ್ಲಿಯೇ ಇವೆ. ಮದುವೆಯೆಂಬುದು ಇಬ್ಬರ ವಿಷಯವಾದರೂ ಇನ್ನೊಬ್ಬರ ಮಾತಿಗೆ ಅಲ್ಲಿ ಎಡೆಯಿಲ್ಲ.

ಗೆರೆ ಎಳೆದ ಹಾಳೆಗೂ ಅಧಿಕರಣಕ್ಕೂ ಇರುವ ಭೇದವು ಇಲ್ಲಿದೆ. ಹಾಳೆಯ ಎರಡು ಸಾಲುಗಳನ್ನೂ ಒಬ್ಬನೇ ತನ್ನ ಅನುಕೂಲಕ್ಕೆ ತಕ್ಕಂತೆ ತುಂಬಿಬಿಡಬಹುದು. ಪೂರ್ವಪಕ್ಷವನ್ನಾದರೋ ಅದನ್ನು ನಂಬಿದವನ ಬಾಯಿಂದಲೇ ಕೇಳಿ, ಅವನು ತಲೆದೂಗುವಂತೆ ಮರಳಿ ಹೇಳಬೇಕಾಗುತ್ತದೆ.

ಪದವಿಯ ಕೊನೆಯ ವರ್ಷ

ಕಾಸರಗೋಡಿನ ಒಳನಾಡಿನಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಕನ್ನಡವನ್ನು ಐಚ್ಛಿಕವಾಗಿ ಓದಿದ್ದಾಳೆ; ಎಂ.ಎ. ಮಾಡುವ ಆಸೆಯಿದೆ. ಪೇಟೆಯ ಕಚೇರಿಯೊಂದರಲ್ಲಿ ಕೆಲಸ ಸಿಗುವ ಸೂಚನೆಯೂ ಇದೆ. ಐದು ಅಂಗಗಳು ಅವಳಿಗೆ ಹೇಗೆ ಒದಗಬಲ್ಲವು?

ವಿಷಯ: ‘ಕನ್ನಡವೋ ಅನ್ನವೋ’ ಎಂದು ಅವಳು ಬರೆದುಕೊಂಡರೆ ವಿಚಾರವು ಅಲ್ಲಿಗೇ ಕೆಟ್ಟಿತು. ಭಾಷಾಭಿಮಾನಿಗಳು ಒಂದು ಉತ್ತರವನ್ನೂ ವ್ಯವಹಾರಜ್ಞರು ಇನ್ನೊಂದು ಉತ್ತರವನ್ನೂ ಸಿದ್ಧವಾಗಿಯೇ ಇಟ್ಟುಕೊಂಡಿರುತ್ತಾರೆ. ‘ಈ ವರ್ಷವೇ ಎಂ.ಎ.ಗೆ ಸೇರುವುದೇ, ಬಿ.ಎಡ್.ಗೆ ಸೇರುವುದೇ, ಅಥವಾ ಕೆಲಸಕ್ಕೆ ಸೇರಿ ಮುಂದಿನ ಓದನ್ನು ತಡೆಹಿಡಿಯುವುದೇ’ ಎಂದು ಬರೆದರೆ ಅದು ನಿರ್ಣಯಿಸಬಹುದಾದ ವಿಷಯವಾಗುತ್ತದೆ. ಎರಡೇ ದಾರಿಗಳಿವೆಯೆಂದು ತೋರಿದ ಕಡೆ ಮೂರನೆಯದೂ ಕಾಣಿಸಿಕೊಳ್ಳುತ್ತದೆ.

ಸಂಶಯ: ಇಲ್ಲಿ ಮೋಟುಮರಗಳನ್ನು ಹತ್ತಿರ ಹೋಗಿ ನೋಡಬೇಕು. ಕೇರಳದ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಲು ಪದವಿಯೊಡನೆ ಬಿ.ಎಡ್. ಮತ್ತು ಕೆ-ಟೆಟ್ ಬೇಕು, ಎಂ.ಎ. ಕಡ್ಡಾಯವಲ್ಲ. ಹೈಯರ್ ಸೆಕೆಂಡರಿಗೆ ಎಂ.ಎ., ಬಿ.ಎಡ್. ಮತ್ತು ಸೆಟ್ ಬೇಕು. ಕಾಲೇಜು ಅಧ್ಯಾಪನಕ್ಕೆ ಎಂ.ಎ.ಯಲ್ಲಿ ಶೇಕಡಾ 55 ಅಂಕಗಳೂ ನೆಟ್ ಅರ್ಹತೆಯೂ ಬೇಕು; ಎಂ.ಎ.ಯ ಕೊನೆಯ ವರ್ಷದಲ್ಲಿಯೇ ನೆಟ್ ಬರೆಯಬಹುದು. ಸರಕಾರಿ ಶಾಲೆಗಳ ನೇಮಕವು ಲೋಕಸೇವಾ ಆಯೋಗದ ಮೂಲಕ ಆಗುತ್ತದೆ. ಇವು ಚಿಂತಿಸಬೇಕಾದ ಸಂಗತಿಗಳಲ್ಲ, ತಿಳಿದುಕೊಳ್ಳಬೇಕಾದ ಸಂಗತಿಗಳು. ತಿಳಿದುಕೊಂಡ ಮೇಲೆ ಅವಳ ಸಂಶಯವು ಕಿರಿದಾಗುತ್ತದೆ: ತನಗೆ ಬೇಕಾದುದು ಶಾಲೆಯ ತರಗತಿಯೋ, ಸಾಹಿತ್ಯದ ಅಧ್ಯಯನವೋ?

ಪೂರ್ವಪಕ್ಷ: ‘ಮನೆಯವರು ಒಪ್ಪುವುದಿಲ್ಲ’ ಎಂದು ಅವಳು ಒಂದು ಸಾಲು ಬರೆಯುತ್ತಾಳೆ. ಇದು ಪೂರ್ವಪಕ್ಷವಲ್ಲ, ದೂರು. ಅಮ್ಮನ ಬಳಿ ಕುಳಿತು ಕೇಳಿದರೆ ಅದೇ ಒಂದು ಸಾಲು ಮೂರು ಕಾರಣಗಳಾಗಿ ಒಡೆಯಬಹುದು. ತಮ್ಮನ ಶುಲ್ಕ ಈ ವರ್ಷವೇ ಕಟ್ಟಬೇಕು. ಅಪ್ಪನಿಗೆ ಮೊದಲಿನಂತೆ ತೋಟದಲ್ಲಿ ದುಡಿಯಲಾಗುತ್ತಿಲ್ಲ. ಓದಿ ದೂರ ಹೋದವಳು ಮರಳಿ ಬರಲಾರಳೆಂಬ ಅಂಜಿಕೆ. ಮೊದಲ ಎರಡು ಹಣದ ಮಾತುಗಳು, ಮೂರನೆಯದು ಪ್ರೀತಿಯ ಮಾತು. ಮೂರಕ್ಕೂ ಒಂದೇ ಉತ್ತರ ಸಾಲದು. ‘ಇದೇ ಅಲ್ಲವೇ ಅಮ್ಮ, ನೀನು ಹೇಳಿದ್ದು?’ ಎಂದು ಕೇಳಿದಾಗ ಅಮ್ಮ ‘ಹೌದು ಮಗಳೇ’ ಎನ್ನುವಷ್ಟು ನಿಷ್ಠೆಯಿಂದ ಆ ಪಕ್ಷವನ್ನು ಹೇಳಲು ಬರಬೇಕು. ಕೆಲಸದ ಪಕ್ಷವನ್ನೇ ಮೆಚ್ಚಿಕೊಂಡವಳಿಗೂ ಇದೇ ನಿಯಮ. ಎಂ.ಎ.ಯ ಪರವಾದ ಮಾತನ್ನು ಅವಳು ಅದನ್ನು ಓದಿದವರಿಂದ ಕೇಳಬೇಕು. ಒಮ್ಮೆ ಬಿಟ್ಟ ಓದನ್ನು ಮರಳಿ ಹಿಡಿಯುವುದು ಎಷ್ಟು ಕಠಿಣವೆಂಬುದನ್ನೂ ತಿಳಿಯಬೇಕು.

ಸಿದ್ಧಾಂತ: ಪ್ರತಿಯೊಂದು ಕಾರಣಕ್ಕೂ ಎರಡರಲ್ಲಿ ಒಂದು ಗತಿ. ಉತ್ತರವಿದ್ದರೆ ಉತ್ತರ ಹೇಳಬೇಕು. ಇಲ್ಲದಿದ್ದರೆ ಅದನ್ನು ನಿರ್ಧಾರದ ಬೆಲೆಯೆಂದು ಒಪ್ಪಿ ಬರೆದಿಡಬೇಕು. ಒಂದು ವರ್ಷ ದುಡಿದು ಆಮೇಲೆ ಓದುವುದರಿಂದ ತಮ್ಮನ ಶುಲ್ಕದ ಪ್ರಶ್ನೆ ತೀರಬಹುದು. ಸರಕಾರಿ ಹುದ್ದೆಯ ಅನಿಶ್ಚಿತತೆಗೆ ಮಾತ್ರ ಯಾವ ಉತ್ತರವೂ ಇಲ್ಲ. ಅದನ್ನು ಬೆಲೆಯ ಪಟ್ಟಿಗೆ ಸೇರಿಸಬೇಕು. ಬೆಲೆಯ ಪಟ್ಟಿಯಲ್ಲಿ ಏನೂ ಇಲ್ಲದ ನಿರ್ಧಾರವನ್ನು ಮಾತ್ರ ಸಂದೇಹದಿಂದ ನೋಡಬೇಕು. ಅಂತಹ ಕಡೆ ಪೂರ್ವಪಕ್ಷವನ್ನು ಯಾರೂ ಕೇಳಿಸಿಕೊಂಡಿಲ್ಲವೆಂದೇ ಅರ್ಥ.

ಸಂಗತಿ: ಕೌಟಿಲ್ಯನು ‘ಅರ್ಥಶಾಸ್ತ್ರ’ದಲ್ಲಿ ರಾಜನ ಮಂತ್ರಾಲೋಚನೆಗೂ ಐದು ಅಂಗಗಳನ್ನು ಹೇಳಿದ್ದಾನೆ. ಕಾರ್ಯಾರಂಭದ ಉಪಾಯ, ಜನ ಮತ್ತು ದ್ರವ್ಯಗಳ ಸಂಪತ್ತು, ದೇಶಕಾಲಗಳ ವಿಭಾಗ, ವಿನಿಪಾತಕ್ಕೆ ಪ್ರತೀಕಾರ, ಕಾರ್ಯಸಿದ್ಧಿ. ಇವುಗಳಲ್ಲಿ ವಿನಿಪಾತಪ್ರತೀಕಾರವೆಂದರೆ, ಎಣಿಸಿದಂತೆ ಆಗದಿದ್ದರೆ ಏನು ಮಾಡುವುದೆಂಬ ಮುನ್ಯೋಚನೆ. ವಿದ್ಯಾರ್ಥಿನಿಯು ತನ್ನ ನಿರ್ಧಾರದ ಕೆಳಗೆ ಇನ್ನೆರಡು ಸಾಲು ಬರೆಯಬೇಕು: ಎಷ್ಟು ಕಾಲದ ಬಳಿಕ ಇದನ್ನು ಮರುಪರಿಶೀಲಿಸುವುದು, ಆಗ ಯಾವುದು ಕಂಡರೆ ದಾರಿ ಬದಲಿಸುವುದು. ಅಮ್ಮನ ಮೂರನೆಯ ಕಾರಣಕ್ಕೆ ಎಡೆ ಸಿಗಬೇಕಾದುದೂ ಇಲ್ಲಿಯೇ; ವಾರಕ್ಕೊಮ್ಮೆ ಮನೆಗೆ ಬರುವೆನೆಂಬ ಮಾತು ಚಿಕ್ಕದಾದರೂ ಕರ್ಣನು ಕುಂತಿಗೆ ಕೊಟ್ಟ ಮಾತಿನ ಜಾತಿಯದು.

ಇವಳು ಕೊನೆಗೆ ಯಾವುದನ್ನು ಆರಿಸಿಕೊಳ್ಳಬೇಕೆಂದು ಹೇಳುವುದು ಪಾಠದ ಕೆಲಸವಲ್ಲ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ತಿಳಿಯದ ಅಧ್ಯಾಪಕರು ಬಂದಾಗ ಈ ನಾಡು ಪ್ರತಿಭಟಿಸಿದೆ. ಕನ್ನಡ ಬಲ್ಲ ಅಧ್ಯಾಪಕರು ಇಲ್ಲಿಂದಲೇ ಬರಬೇಕೆಂಬುದು ಅವಳ ತಕ್ಕಡಿಯಲ್ಲಿ ತೂಕವುಳ್ಳ ಕಾರಣ. ಆದರೆ ಆ ಭಾರವನ್ನು ಹೊರಬೇಕೋ ಬೇಡವೋ ಎಂಬುದನ್ನು ವೇದಿಕೆಯ ಮೇಲಿನವರು ನಿರ್ಧರಿಸಲಾಗದು, ಅವಳೇ ನಿರ್ಧರಿಸಬೇಕು. ಕೇಳಿಸಿಕೊಂಡು ಹೊತ್ತ ಭಾರವನ್ನು ಬಹುಕಾಲ ಹೊರಬಹುದು. ಹೇರಿಸಿಕೊಂಡುದನ್ನು ಅರ್ಧದಾರಿಯಲ್ಲಿ ಇಳಿಸಬೇಕೆನಿಸುತ್ತದೆ.

ಕ್ರಮದ ಮಿತಿ

ಕ್ರಮವು ಎಲ್ಲವನ್ನೂ ಕೊಡಲಾರದು. ಯುಧಿಷ್ಠಿರನೇ ರಾಜನಾಗಲು ತಕ್ಕವನೆಂದು ಕರ್ಣನು ಒಪ್ಪಿದ್ದನು. ಒಪ್ಪಿಯೂ ದುರ್ಯೋಧನನ ಪಕ್ಷದಲ್ಲಿ ನಿಂತನು. ಅವನ ವಿವೇಚನೆಯು ನಿರ್ದುಷ್ಟವಾಗಿದ್ದರೂ ಅವನು ಹಿಡಿದ ಪಕ್ಷವು ಅದರಿಂದ ನ್ಯಾಯದ ಪಕ್ಷವಾಗಲಿಲ್ಲ. ಮೌಲ್ಯಗಳನ್ನು ಕ್ರಮವು ಹುಟ್ಟಿಸುವುದಿಲ್ಲ. ಇರುವ ಮೌಲ್ಯಗಳನ್ನು ಬೆಳಕಿಗೆ ತರುತ್ತದೆ, ಅವುಗಳ ಬೆಲೆಯನ್ನು ತೋರಿಸುತ್ತದೆ. ಇನ್ನು ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಿಗೆಲ್ಲ ಅಧಿಕರಣವನ್ನು ಹೂಡುವುದು ಹಾಸ್ಯಾಸ್ಪದ. ಹಿಂತೆಗೆಯಲು ಕಷ್ಟವಾದ, ಇತರರ ಬದುಕನ್ನೂ ತಟ್ಟುವ ನಿರ್ಧಾರಗಳಿಗೆ ಮಾತ್ರ ಇದನ್ನು ಮೀಸಲಿಡುವುದು ಯುಕ್ತ.

ಕಾಲವು ಕಳೆದಂತೆ ಫಲವು ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಎದುರು ಪಕ್ಷವನ್ನು ಪೂರ್ತಿಯಾಗಿ ಕೇಳಿ, ಬೆಲೆಯನ್ನು ಬರೆದಿಟ್ಟು ಮುಂದೆ ನಡೆದವರಿಗೆ ಆಗ ಪಶ್ಚಾತ್ತಾಪವಾದರೂ ಆಶ್ಚರ್ಯವಾಗುವುದಿಲ್ಲ. ನಿರ್ಧಾರವು ತಮ್ಮದೇ ಆಗಿತ್ತೆಂಬ ನೆಮ್ಮದಿಯು ಅವರಲ್ಲಿ ಉಳಿಯುತ್ತದೆ.

ಅಭ್ಯಾಸಕ್ಕೆ

1. ಪಠ್ಯದಲ್ಲಿರುವ ಯಾವುದಾದರೊಂದು ಪಾತ್ರದ ನಿರ್ಧಾರವನ್ನು ಆರಿಸಿಕೊಂಡು ಐದು ಅಂಗಗಳಾಗಿ ವಿಂಗಡಿಸಿರಿ. ಯಾವ ಅಂಗವು ಕಾಣೆಯಾಗಿದೆಯೆಂಬುದನ್ನು ಗುರುತಿಸಿರಿ.

2. ಪಂಪನ ಕರ್ಣನೂ ಕುಮಾರವ್ಯಾಸನ ಕರ್ಣನೂ ಕೃಷ್ಣನಿಗೆ ಕೊಡುವ ಉತ್ತರಗಳನ್ನು ಹೋಲಿಸಿರಿ. ಯಾರಲ್ಲಿ ಸಂಶಯವು ಹೆಚ್ಚು ಹೊತ್ತು ನಿಲ್ಲುತ್ತದೆ?

3. ಪದವಿಯ ಬಳಿಕ ಮಾಡಬೇಕೆಂದಿರುವ ಕಾರ್ಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದನ್ನು ಒಪ್ಪದವರೊಬ್ಬರ ಮಾತನ್ನು ಕೇಳಿ, ಅವರ ಪಕ್ಷವನ್ನು ಒಂದು ಪುಟದಲ್ಲಿ ಬರೆದು, ಅವರಿಗೇ ಓದಿ ಹೇಳಿರಿ. ಅವರು ಸರಿಯೆಂದು ಒಪ್ಪುವವರೆಗೆ ತಿದ್ದಿರಿ. ಉತ್ತರವನ್ನು ಅನಂತರವೇ ಬರೆಯತೊಡಗಿರಿ.